ಹಿಂದಿನ ನಾಯಿ ಏನಾಯಿತು

ಶಿರಾ ಗೇಟ್‌ನ ಮೋರಿಗೆ ತುಮಕೂರು ಕಾರ್ಪೊರೇಷನ್ನಿನವರು ಬ್ಲೀಚಿಂಗ್ ಪುಡಿ ಎರಚಿ ಹೋಗಿದ್ದರು. ಬಸ್ಸಿಗೆ ಕಾಯುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಹೊಡೆದದ್ದೇ, ಕೊತ್ತಗೆರೆಯ ಒಂದು ಗೇಟು, ಗೇಟಿನ ಒಳಗೊಂದು ಸಿಮೆಂಟಿನ ತೊಟ್ಟಿ, ಸೀರೆ ಎತ್ತಿ ಹಿಡಿದು ಆ ತೊಟ್ಟಿಯ ನೀರಿನಲ್ಲಿ ನಿಂತ ನನ್ನ ಪಾದಗಳು ನೆನಪಾದವು. ನೆನಪಿನಲ್ಲಿ ಜೋರು ಮಳೆ. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಮೊಬೈಲಿನಲ್ಲಿ ಆ ದಿನದ ಫೋಟೊ ಹುಡುಕಿದೆ. ಮಳೆ ಇಲ್ಲ. ಸಂಕ್ರಾಂತಿಗೆ ಮುಂಚಿನ ಒಣ ಬಿಸಿಲು. ಮಗಳು ಮಾನ್ಯ ಹಣೆಗೆ ಕೈ ಅಡ್ಡ ಹಿಡಿದು ಕಣ್ಣು ಚಿಕ್ಕದು ಮಾಡಿದ್ದಾಳೆ. ಮಳೆಯನ್ನು ನಾನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಆದ್ದರಿಂದ ಆ ವರ್ಷದ ಬಗ್ಗೆ ಬರೆಯುವಾಗ ಫೋಟೊ ಇರುವ ಕಡೆ ಫೋಟೊವನ್ನು ನಂಬುತ್ತೇನೆ. ಇಲ್ಲದ ಕಡೆ ಮಾನ್ಯಳನ್ನು ಕೇಳುತ್ತೇನೆ. ಅವಳು ಒಪ್ಪದಿದ್ದರೆ ಒಪ್ಪಲಿಲ್ಲ ಎಂದೇ ಬರೆಯುತ್ತೇನೆ.

ಆಗ ಅವಳಿಗೆ ಹತ್ತು ವರ್ಷ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ನನ್ನ ಗಂಡ ನಾಗರಾಜು ಅವರದು ಶಿರಾ ಗೇಟ್ ಹತ್ತಿರ ಜೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿ. ಮನೆ ಅದರ ಹಿಂದಿನ ಗಲ್ಲಿಯಲ್ಲಿ.

ಅದಕ್ಕೂ ಹಿಂದಿನ ದಸರಾ ರಜೆ ಶುರುವಾದ ದಿನ ನಾಗರಾಜು ಒಂದು ನಾಯಿಮರಿ ತಂದಿದ್ದರು. ಹೈವೇ ಪಕ್ಕ ಒಬ್ಬ ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು ಮಾರುತ್ತಿದ್ದನಂತೆ. "ನಲವತ್ತೈದು ದಿನದ್ದು, ಪಕ್ಕಾ ಲ್ಯಾಬ್ರಡಾರ್ ಅಂದ" ಎಂದರು. ಹುರಿದ ಕಡಲೆಯ ಬಣ್ಣ. ಮಾನ್ಯ ಕಡಲೆ ಎಂದೇ ಹೆಸರಿಟ್ಟಳು. ನಾಲ್ಕು ದಿನ ಅದನ್ನು ನೆಲಕ್ಕೆ ಬಿಡಲಿಲ್ಲ. ಐದನೆಯ ದಿನ ಅತ್ತುಕೊಂಡೇ ಗುಬ್ಬಿಯ ಅಜ್ಜಿಮನೆಗೆ ಹೋದಳು. ಏಳನೆಯ ದಿನ ಮರಿ ವಾಂತಿ ಮಾಡಿತು, ಆಮೇಲೆ ರಕ್ತಭೇದಿ. ಒಂಬತ್ತನೆಯ ದಿನ ಬೆಳಿಗ್ಗೆ ಸತ್ತಿತು.

ಪಾರ್ವೋ, ನಾಯಿಮರಿಗಳಿಗೆ ಬರುವ ಅಂಟುರೋಗ ಎಂದರು ಡಾಕ್ಟರು. ಮರಿಗೆ ಒಂದು ತಿಂಗಳು ಕೂಡ ಆಗಿರಲಿಲ್ಲ, ತಾಯಿ ಹಾಲು ಬಿಡಿಸಿ ತಂದದ್ದು. "ಒಂದು ವರ್ಷ ಮನೆಗೆ ಬೇರೆ ಮರಿ ತರಬೇಡಿ. ಈ ರೋಗ ನೆಲಕ್ಕೆ, ಬಟ್ಟೆಗೆ, ಚಪ್ಪಲಿಗೆ ಅಂಟ್ಕೊಂಡು ತಿಂಗಳುಗಟ್ಟಲೆ ಇರುತ್ತೆ" ಎಂದೂ ಹೇಳಿದರು. ನಾನು ಇದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಮರೆತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಬಾಡಿಗೆ ಮನೆ, ಹೂಳಲು ಜಾಗವಿಲ್ಲ. ನಾಗರಾಜು ಮರಿಯನ್ನು ಊರ್ಡಿಗೆರೆಯ ನನ್ನ ಅಣ್ಣ ರಂಗಸ್ವಾಮಿಯ ತೆಂಗಿನ ತೋಟಕ್ಕೆ ಒಯ್ದು ಮಣ್ಣು ಮಾಡಿ ಬಂದರು. ಮಾನ್ಯ ಊರಿಂದ ಬಂದಾಗ, "ಹಗಲು ಮನೇಲಿ ಯಾರೂ ಇರಲ್ವಲ್ಲ ಪುಟ್ಟಿ, ಅದಕ್ಕೇ ಮಾಮನ ತೋಟಕ್ಕೆ ಬಿಟ್ಟಿದೀವಿ" ಎಂದೆ. ಒಂದು ದಿನ ಅತ್ತಳು. ಆಮೇಲೆ ಪ್ರತಿ ಭಾನುವಾರ ಅಣ್ಣನಿಗೆ ಫೋನ್ ಮಾಡಿ, "ಮಾಮ, ಕಡಲೆ ಏನ್ಮಾಡ್ತಿದೆ?" ಎಂದು ಕೇಳುತ್ತಿದ್ದಳು. ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನ ಉತ್ತರ ಯಾವಾಗಲೂ ಒಂದೇ.

"ಮಲಗೈತೆ ಕಣವ್ವ."

ಹೊಸ ವರ್ಷ ಬರುತ್ತಿದ್ದಂತೆ, ಸಂಕ್ರಾಂತಿಗೆ ಊರ್ಡಿಗೆರೆಗೆ ಹೋಗಿ ಕಡಲೆಯನ್ನು ನೋಡಲೇಬೇಕು ಎಂದು ಹಟ ಹಿಡಿದಳು. ನಮಗೆ ದಾರಿ ಕಾಣಲಿಲ್ಲ. "ಅದು ಅಲ್ಲೇ ಒಗ್ಗಿಕೊಂಡಿದೆ, ನಿನಗೆ ಬೇರೆ ಮರಿ ತರೋಣ" ಎಂದೆವು. ಒಂದು ಸುಳ್ಳನ್ನು ಮುಚ್ಚಲು ಒಂದು ನಾಯಿ. ಈ ಸಲ ಒಳ್ಳೆಯ ಕಡೆಯಿಂದಲೇ ತರಬೇಕು ಎಂದು ನಾವಿಬ್ಬರೂ ಗಂಭೀರವಾಗಿ ಮಾತಾಡಿಕೊಂಡೆವು ಎನ್ನುವುದು ಈಗ ನಗು ತರಿಸುತ್ತದೆ. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಕುಣಿಗಲ್ ಕಡೆಯವರು. "ಕೊತ್ತಗೆರೇಲಿ ಕೆಂಪರಾಜಣ್ಣ ಅಂತವ್ರೆ ಮೇಡಂ. ಮೂವತ್ತು ವರ್ಷ ಕುದುರೆ ಫಾರಂನಲ್ಲಿದ್ದೋರು. ಮರಿ ಚೆನ್ನಾಗಿರ್ತವೆ. ಆದ್ರೆ ಆವಯ್ಯ ಎಲ್ರಿಗೂ ಕೊಡಲ್ಲ" ಎಂದರು.

ಹೀಗೆ ಆ ಬಿಸಿಲಿನ ಭಾನುವಾರ ಮೂವರೂ ಕೊತ್ತಗೆರೆಗೆ ಹೋದೆವು. ಕೆಂಪರಾಜಣ್ಣ ಗೇಟಿನಲ್ಲೇ ತಡೆದರು. ಅರವತ್ತು ದಾಟಿದ, ಒಣಕಲು ಮೈಯ ಮನುಷ್ಯ, ಹೆಗಲ ಮೇಲೆ ಟವಲು.

"ಚಪ್ಪಲಿ ಆಚೇಲೇ ಬುಡಿ. ಈ ತೊಟ್ಟೀಲಿ ಕಾಲಿಟ್ಟು ಇಪ್ಪತ್ತು ಎಣಿಸಿ. ಬ್ಲೀಚಿಂಗ್ ನೀರು, ಏನೂ ಆಗಲ್ಲ."

"ದೇವಸ್ಥಾನಕ್ಕಿಂತ ಸ್ಟ್ರಿಕ್ಟು ನೀವು" ಎಂದರು ನಾಗರಾಜು.

"ದೇವ್ರಿಗೆ ರೋಗ ಬರಾಕಿಲ್ಲ ಸ್ವಾಮಿ."

ಅವರಲ್ಲಿ ಎರಡು ಹೆಣ್ಣು ಲ್ಯಾಬ್ರಡಾರ್ ಇದ್ದವು, ಗೌರಿ ಮತ್ತು ತುಂಗೆ. ಒಂದು ಮರಿ ಹಾಕಿದ ವರ್ಷ ಇನ್ನೊಂದಕ್ಕೆ ರಜೆ. ಮರಿ ಐವತ್ತಾರು ದಿನ ತುಂಬುವವರೆಗೆ ತಾಯಿಯ ಹತ್ತಿರವೇ ಇರಬೇಕು. ಎಲ್ಲವೂ ಕುದುರೆ ಫಾರಂನಲ್ಲಿ ಕಲಿತ ಪದ್ಧತಿ. ನಮಗೆ ಮೊದಲು ಮರಿ ತೋರಿಸಲಿಲ್ಲ, ತಾಯಿಯನ್ನು ತೋರಿಸಿದರು. ಗೌರಿ ಬಂದು ನಮ್ಮ ಮೂವರ ಕೈಯನ್ನೂ ಮೂಸಿ ಹೋಗಿ ನೆರಳಲ್ಲಿ ಮಲಗಿತು. ಆಮೇಲೆ ಕೆಂಪರಾಜಣ್ಣ ಕ್ಯಾಲೆಂಡರಿನ ಹಿಂದಿನಿಂದ ಒಂದು ಎಕ್ಸ್‌ರೇ ತೆಗೆದು ಬಿಸಿಲಿಗೆ ಹಿಡಿದರು. "ಇವ್ಳ ಸೊಂಟ. ಕೀಲು ಗಟ್ಟಿ ಇದ್ರೇನೇ ನಾನು ಮರಿ ಹಾಕ್ಸೋದು."

"ನಮ್ಮಮ್ಮ ಸೊಂಟ ನೋವು ಅಂತ ಹತ್ತು ವರ್ಷದಿಂದ ಒದ್ದಾಡ್ತವ್ಳೆ, ಒಂದು ಎಕ್ಸ್‌ರೇ ತೆಗೆಸಿಲ್ಲ" ಎಂದರು ನಾಗರಾಜು.

ಒಳಗಿನಿಂದ ಕೆಂಪರಾಜಣ್ಣನ ಹೆಂಡತಿ ಜಯಮ್ಮನವರ ದನಿ ಬಂತು. "ಮೊದ್ಲು ಅದನ್ನ ತೆಗೆಸಪ್ಪ, ಆಮೇಲೆ ನಾಯಿ ತಗೊಳ್ಳುವಂತೆ."

ಮರಿಗಳು ಏಳು. ಒಂದೊಂದರ ಕೊರಳಿಗೂ ಒಂದೊಂದು ಬಣ್ಣದ ಉಲ್ಲನ್ ದಾರ. ಮಾನ್ಯ ಚಕ್ಕಳಮಕ್ಕಳ ಹಾಕಿ ಕೂತದ್ದೇ ಹಸಿರು ದಾರದ್ದು ಬಂದು ಅವಳ ಲಂಗದ ಮೇಲೆ ಮಲಗಿಬಿಟ್ಟಿತು. ಇದರ ಫೋಟೊ ಇದೆ.

ಕೆಂಪರಾಜಣ್ಣ ಒಂದು ಉದ್ದನೆಯ ಪುಸ್ತಕ ತಂದರು. ಕುದುರೆಗಳ ವಂಶ ಬರೆದಿಡುವ ಪುಸ್ತಕದ ಹಾಗೆ ತಾವೇ ಗೆರೆ ಹಾಕಿಕೊಂಡದ್ದು. ತಂದೆ, ತಾಯಿ, ದಾರದ ಬಣ್ಣ, ಯಾರ ಮನೆಗೆ, ಹಗಲು ಮರಿ ಜೊತೆ ಯಾರಿರುತ್ತಾರೆ. "ನನ್ನ ಅಂಗಡಿಗೇ ಕರ್ಕೊಂಡು ಹೋಗ್ತೀನಿ" ಎಂದರು ನಾಗರಾಜು. ಅದನ್ನು ಬರೆದುಕೊಂಡರು. ಕೊನೆಯ ಕಾಲಮ್ಮಿನ ತಲೆಯ ಮೇಲೆ "ಹಿಂದಿನ ನಾಯಿ ಏನಾಯಿತು" ಎಂದಿತ್ತು.

"ಮುಂಚೆ ನಾಯಿ ಸಾಕಿದ್ರಾ?"

ನಾನೂ ನಾಗರಾಜು ಅವರೂ ಬಾಯಿ ಬಿಡುವ ಮೊದಲೇ ಮಾನ್ಯ ಹೇಳಿದಳು. "ಹೂಂ ತಾತ, ಕಡಲೆ ಅಂತ. ಊರ್ಡಿಗೆರೇಲಿ ನಮ್ಮ ಮಾಮನ ತೋಟದಲ್ಲಿದೆ."

ಅವರು ನನ್ನ ಕಡೆ ನೋಡಿದರು. "ಹೌದಾ ಟೀಚರಮ್ಮ?"

"ಹೌದು" ಎಂದೆ.

ಅಷ್ಟೇ. ಅವರು ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಬೇರೆಲ್ಲ ಪೆನ್ನಿನಲ್ಲಿ, ಇದು ಮಾತ್ರ ಪೆನ್ಸಿಲ್. ಯಾಕೆಂದು ನಾಗರಾಜು ಕೇಳಿದರು. "ನಾನು ಕಣ್ಣಲ್ಲಿ ನೋಡೋವರ್ಗೂ ಪೆನ್ಸಿಲ್ಲೇ. ಮರಿ ಕೊಡೋ ಮುಂಚೆ, ಬರೋ ಭಾನುವಾರ ನಿಮ್ಮನೆ ನೋಡ್ತೀನಿ. ಹಂಗೇ ಊರ್ಡಿಗೆರೆಗೂ ಹೋಗಿ ಬರ್ತೀನಿ. ಹಳೇ ನಾಯಿ ಹೆಂಗೈತೆ ಅಂತ ನೋಡಿದ್ರೆ ಹೊಸದನ್ನ ಹೆಂಗೆ ಸಾಕ್ತಾರೆ ಅಂತ ಗೊತ್ತಾಯ್ತದೆ."

"ನಾನೂ ಬರ್ತೀನಿ ತಾತ!" ಎಂದಳು ಮಾನ್ಯ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ ಮೇಲೆ ನಾಗರಾಜು ಪಿಸುಗುಟ್ಟಿದರು. "ಸುಧಾ, ಊರ್ಡಿಗೆರೇಲಿ ಕಂದು ನಾಯಿಗೇನ್ ಬರವಾ? ಯಾವ್ದಾದ್ರೂ ಒಂದನ್ನ ಹಿಡಿದು ಕಟ್ಟಾಕಿರಿ ಅಂತ ನಿಮ್ಮಣ್ಣಂಗೆ ಹೇಳು."

ನಾನು ಬೈಯಲಿಲ್ಲ. ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಲೇ ಸುಧಾ, ಸತ್ತಿರೋ ನಾಯಿಗೆ ನಾನೆಲ್ಲಿಂದ ಬದ್ಲಿ ತರ್ಲೇ? ತಂದ್ರೂ ಕಡಲೆ ಅಂತ ಕರೆದ್ರೆ ಬಾಲ ಅಲ್ಲಾಡಿಸ್ಬೇಕಲ್ಲ" ಎಂದ. ಕೊನೆಗೆ, "ಶನಿವಾರದೊಳಗೆ ನೋಡ್ತೀನಿ ಬುಡು" ಎಂದೂ ಅಂದ.

ಆ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನಾನೊಬ್ಬಳೇ ಗುಬ್ಬಿಯಿಂದ ತುಮಕೂರಿಗೆ, ತುಮಕೂರಿಂದ ಕುಣಿಗಲ್‌ಗೆ ಬಸ್ಸು, ಅಲ್ಲಿಂದ ಕೊತ್ತಗೆರೆಗೆ ಆಟೋ ಹಿಡಿದು ಹೋದೆ. ಯಾಕೆ ಹೋದೆ? ಹಸಿರು ದಾರದ ಮರಿಯ ಮುಖ ಕಣ್ಣ ಮುಂದೆ ಬಂತು ಎಂದು ಬರೆಯಬಹುದು. ಹಿಂದೊಮ್ಮೆ ಗೆಳತಿಯೊಬ್ಬಳಿಗೆ ಹಾಗೇ ಹೇಳಿದ್ದೆ. ನಿಜವಾಗಿ ನನಗಿದ್ದದ್ದು ಹೆದರಿಕೆ. ಅಣ್ಣ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ, ಅದೂ ಮಾನ್ಯಳ ಎದುರಿಗೆ. ಸಿಕ್ಕಿಬೀಳುವ ಬದಲು ಒಪ್ಪಿಕೊಳ್ಳುವುದು ವಾಸಿ ಎನಿಸಿತ್ತು, ಅಷ್ಟೇ.

ತೊಟ್ಟಿಯಲ್ಲಿ ಕಾಲಿಟ್ಟು ಇಪ್ಪತ್ತು ಎಣಿಸಿದೆ. ಜಗಲಿಯ ಮೇಲೆ ಜಯಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೆಂಪರಾಜಣ್ಣ ನಾಯಿಗಳ ರಾಗಿ ಗಂಜಿ ಆರಿಸುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಕಡಲೆ ಸತ್ತಿದೆ, ಪಾರ್ವೋ ಬಂದಿತ್ತು, ಮಗಳಿಗೆ ಗೊತ್ತಿಲ್ಲ.

ಗಂಜಿಯ ಸೌಟು ಕೆಳಗಿಟ್ಟು ಅವರು ಕೇಳಿದ್ದು ನನ್ನನ್ನಲ್ಲ, ಹೆಂಡತಿಯನ್ನು. "ಜಯಾ, ಭಾನುವಾರ ಆ ಮಗು ಯಾವ್ಯಾವ ಮರಿ ಎತ್ಕೊಂಡಿತ್ತು?"

"ಎಲ್ಲಾನೂ."

"ಮಗೂ ಲಂಗ ಮನೇಲಿ ಹಾಕೋದಾ?"

"ಹೌದು" ಎಂದೆ.

ಅವರು ಎದ್ದು ಮರಿಗಳಿದ್ದ ಕೋಣೆಗೆ ಹೋದರು. ಒಂದೊಂದನ್ನೇ ಎತ್ತಿ ಒಸಡು ನೋಡಿ, ಹೊಟ್ಟೆ ಮುಟ್ಟಿ, ಬಾಲದ ಕೆಳಗೆ ನೋಡಿ ಇಳಿಸುತ್ತಿದ್ದುದು ಬಾಗಿಲಿಂದ ಕಾಣುತ್ತಿತ್ತು. ಹೀಗೆ ಏಳನ್ನೂ ನೋಡಿದರು. ನನಗೆ ಅಲ್ಲಿಯವರೆಗೆ ಇದು ನಮ್ಮ ಮನೆಯ ವಿಷಯವಾಗಿತ್ತು. ಆ ಬಾಗಿಲಲ್ಲಿ ನಿಂತಾಗಲೇ ಇವು ಏಳು ಮರಿ ಎಂದು ತಲೆಗೆ ಹೋದದ್ದು.

"ಪಾಠ ಹೇಳೋರು ನೀವು" ಎಂದರು ಜಯಮ್ಮ, ಅವರೆಕಾಯಿಯಿಂದ ಕಣ್ಣು ಎತ್ತದೆ. "ಅವತ್ತೇ ಒಂದು ಮಾತು ಅಂದಿದ್ರೆ ನಾನು ಮಗೂನ ಆಚೆ ಕೂರಿಸ್ಕೊಂಡು ಕಾಫಿ ಕೊಟ್ಟು ಕಳಿಸ್ತಿದ್ದೆ."

ಕೆಂಪರಾಜಣ್ಣ ಕೈ ತೊಳೆದು ಬಂದರು. "ತೊಟ್ಟೀಲಿ ಕಾಲಿಟ್ಟಿದ್ರಿ, ಅದೊಂದು ಪುಣ್ಯ. ಮೊದಲ್ನೇ ಇಂಜೆಕ್ಷನ್ನೂ ಆಗೈತೆ. ಆದ್ರೂ ಇನ್ನೊಂದು ಎಂಟು ದಿನ ನೋಡ್ಬೇಕು." ಆಮೇಲೆ ಪುಸ್ತಕ ತಂದು, ಪೆನ್ಸಿಲ್ಲಿನ ಸಾಲನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿದರು. "ಈ ಸಲದ ಮರಿ ನಿಮಗಿಲ್ಲ. ತುಂಗೆ ದೀಪಾವಳಿ ಆದ್ಮೇಲೆ ಹಾಕಬೋದು. ಅಷ್ಟ್ರಲ್ಲಿ ಮನೆ ನೆಲ ಬ್ಲೀಚಿಂಗ್ ಹಾಕಿ ಮೂರು ಸಲ ತೊಳೀರಿ. ಮರಿಗೆ ಹಾಸಿದ ಬಟ್ಟೆ ಇದ್ರೆ ಸುಟ್ಟಾಕಿ. ಈ ಜಾಗ ಖಾಲಿ ಇರ್ಲಿ. ಇದನ್ನ ಮಗೂನೇ ಬಂದು ತುಂಬ್ಲಿ. ತುಂಬೋವರ್ಗೂ ಮರಿ ಇಲ್ಲ."

"ಅವಳಿಗಿನ್ನೂ ಹತ್ತು ವರ್ಷ, ಕೆಂಪರಾಜಣ್ಣ."

"ನಾಯಿ ಸಾಕೋದು ಅವ್ಳೇ ತಾನೆ?"

ಮುಂದಿನ ಎಂಟು ದಿನ ಪ್ರತಿ ಸಂಜೆ ಫೋನ್ ಮಾಡಿದೆ. ಅವರು ನಮಸ್ಕಾರವನ್ನೂ ಹೇಳುತ್ತಿರಲಿಲ್ಲ. "ಏಳೂ ಉಂಡವೆ" ಎಂದು ಇಟ್ಟುಬಿಡುತ್ತಿದ್ದರು. ಐದನೆಯ ದಿನ, "ಕೆಂಪು ದಾರದ್ದು ಅರ್ಧಕ್ಕೇ ಬಿಡ್ತು" ಎಂದರು. ಅವತ್ತು ನಾನು ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದಕ್ಕೂ ನಂಬರ್ ಹಾಕಲಿಲ್ಲ. ಆರನೆಯ ದಿನ ಮತ್ತೆ "ಏಳೂ ಉಂಡವೆ." ಎಂಟನೆಯ ದಿನ ಅದೇ ಮಾತು ಹೇಳಿ, "ಇನ್ಮೇಲೆ ಫೋನ್ ಬೇಡಿ ಟೀಚರಮ್ಮ" ಎಂದರು. ಹಸಿರು ದಾರದ ಮರಿ ಯಾರ ಮನೆಗೆ ಹೋಯಿತೆಂದು ನಾನು ಕೇಳಲಿಲ್ಲ.

ಮಾನ್ಯಳಿಗೆ ತಕ್ಷಣ ಹೇಳಿದೆ ಎಂದುಕೊಂಡರೆ ನನಗೂ ಹಿತ. ಹೇಳಲಿಲ್ಲ. ಮರಿ ಮುಂದಿನ ಸಲ ಎಂದಷ್ಟೇ ಹೇಳಿದೆ. ಸಂಕ್ರಾಂತಿಗೆ ಅವಳಿಗೆ ಜ್ವರ ಬಂದು ಊರ್ಡಿಗೆರೆ ತಪ್ಪಿತು. ಅವಳ ಜ್ವರಕ್ಕೆ ಸಮಾಧಾನಪಟ್ಟವಳು ನಾನು. ಮೊದಲನೆಯ ಸಲ ಮನೆ ತೊಳೆದದ್ದು ಅವಳು ಸ್ಕೂಲಿಗೆ ಹೋಗಿದ್ದಾಗ. ಬಂದವಳು ಮೂಗು ಮುಚ್ಚಿಕೊಂಡು, "ಇದೇನಮ್ಮ, ಕೊತ್ತಗೆರೆ ವಾಸನೆ" ಎಂದಳು. ಇರುವೆ ಕಾಟ ಎಂದೆ.

ಎರಡನೆಯ ಸಲ ತೊಳೆದದ್ದು ಬೇಸಿಗೆ ರಜೆಯಲ್ಲಿ. ಅವಳು ಮನೆಯಲ್ಲಿದ್ದಳು. ನಡುಮನೆಯ ಅಕ್ಕಿ ಡ್ರಮ್ಮನ್ನು ನಾನೂ ನಾಗರಾಜು ಅವರೂ ಸರಿಸಿದಾಗ ಅದರ ಕೆಳಗಿಂದ ಒಂದು ಹೇರ್‌ಬ್ಯಾಂಡ್ ಸಿಕ್ಕಿತು. ನೀಲಿಯದು, ತುಂಬ ಸಣ್ಣ ಹಲ್ಲಿನ ಗುರುತು. ಮಾನ್ಯ ಎತ್ತಿಕೊಂಡಳು.

"ಕಡಲೆ ಕಚ್ಚಿದ್ದು! ಅಪ್ಪ, ಇದನ್ನ ಊರ್ಡಿಗೆರೆಗೆ ಕೊಟ್ಟುಕಳಿಸೋಣ. ಆಟ ಆಡ್ಕೊಳುತ್ತೆ."

ನಾಗರಾಜು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದರು. ಬಕೆಟ್ಟಿನಲ್ಲಿ ನೀರು ತುಂಬಿಯೇ ಇತ್ತು. ನಾನು ಪೊರಕೆ ಹಿಡಿದುಕೊಂಡೇ ಹೇಳಿದೆ.

ಕಥೆಯಾಗಿದ್ದರೆ ಅವಳು, ನನಗೆ ಮೊದಲೇ ಗೊತ್ತಿತ್ತಮ್ಮ ಎನ್ನುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ. ಒಂದಿಷ್ಟೂ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

"ಮಾಮ ಮಲಗೈತೆ ಅಂತಿದ್ರಲ್ಲ" ಎಂದಳು. ಆಮೇಲೆ, "ಯಾರ್ಯಾರಿಗೆ ಗೊತ್ತು?"

ಹೇಳಿದೆ. ಅಪ್ಪ, ಮಾಮ, ಅತ್ತೆ, ಅಜ್ಜಿ, ಡಾಕ್ಟರು.

"ಕೊತ್ತಗೆರೆ ತಾತಂಗೆ?"

"ಗೊತ್ತು."

"ನನಗೊಬ್ಬಳಿಗೇ ಗೊತ್ತಿರ್ಲಿಲ್ಲ."

ಅವಳು ಎಷ್ಟು ದಿನ ನನ್ನ ಜೊತೆ ಮಾತು ಬಿಟ್ಟಳು ಎನ್ನುವುದರಲ್ಲಿ ಮನೆಯಲ್ಲಿ ಮೂರು ಲೆಕ್ಕ ಇವೆ. ನನ್ನ ಪ್ರಕಾರ ಒಂದು ತಿಂಗಳು. ಅವಳ ಪ್ರಕಾರ ನಾಲ್ಕು ದಿನ. ನಾಗರಾಜು, "ಸಾಯಂಕಾಲಾನೇ ದೋಸೆ ಕೇಳಿದ್ಲಲ್ಲೇ" ಎನ್ನುತ್ತಾರೆ. ಆದರೆ ಇದರಲ್ಲಿ ಮೂವರಿಗೂ ಅನುಮಾನವಿಲ್ಲ: ಆಮೇಲೆ ಬಹಳ ಕಾಲ ನಾನು ಏನು ಹೇಳಿದರೂ ಅವಳು ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದಳು. ಸಾರಿಗೆ ಖಾರ ಹಾಕಿಲ್ಲ ಎಂದರೆ ಅಪ್ಪನಿಗೆ ಮೊದಲು ರುಚಿ ನೋಡಲು ಹೇಳುವಳು. ನಾಳೆ ರಜೆ ಎಂದರೆ ಗೆಳತಿಗೆ ಫೋನು. ಸಿಟ್ಟಿನಿಂದಲ್ಲ. ಲೆಕ್ಕ ಮಾಡಿದ ಮೇಲೆ ತಾಳೆ ನೋಡುವ ಹಾಗೆ. ಅದನ್ನು ಕಲಿಸಿದವಳೂ ನಾನೇ.

ಮೇ ತಿಂಗಳಲ್ಲಿ ಊರ್ಡಿಗೆರೆಗೆ ಕರೆದುಕೊಂಡು ಹೋದೆವು. ಅಣ್ಣ ತೋಟದಲ್ಲಿ ಒಂದು ತೆಂಗಿನ ಮರ ತೋರಿಸಿದ. ಸ್ವಲ್ಪ ಆಚೆ ನೋಡಿ, "ಅದೂ ಇರ್ಬೋದು" ಎಂದ. ನಾಗರಾಜು ಇನ್ನೊಂದು ಸಾಲಿನ ಮರ ಇರಬೇಕು ಎಂದರು.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ ಮಾಮ" ಎಂದಳು ಮಾನ್ಯ.

"ಗೊತ್ತಿಲ್ಲ ಕಣವ್ವ" ಎಂದ ಅಣ್ಣ. ಅವಳು ಹೇರ್‌ಬ್ಯಾಂಡನ್ನು ಹೂಳಲಿಲ್ಲ. ಹಾಗೇ ಮನೆಗೆ ತಂದು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು.

ಮೂರನೆಯ ಸಲ ಮನೆ ತೊಳೆದದ್ದು ಮಳೆಗಾಲ ಮುಗಿದ ಮೇಲೆ. ಅಕ್ಕಿ ಡ್ರಮ್ಮಿನ ಮೂಲೆಯನ್ನು ಅವಳೇ ಉಜ್ಜಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ದೀಪಾವಳಿ ಕಳೆದು ತುಂಗೆ ಐದು ಮರಿ ಹಾಕಿತು. ಡಿಸೆಂಬರಿನಲ್ಲಿ ಕೆಂಪರಾಜಣ್ಣ ಬಂದು, ಮಂಡಿಯೂರಿ, ಆ ಮೂಲೆಗೆ ಮೂಗು ಹತ್ತಿರ ಹಿಡಿದು ಮೂಸಿ ನೋಡಿದರು. ಕಾಫಿ ಕುಡಿದರು. ಸಂಕ್ರಾಂತಿ ಮುಗಿದ ವಾರ ಮರಿ ತರಲು ಹೋದೆವು.

ಆ ದಿನದ ಫೋಟೊಗಳಲ್ಲಿ ಜಯಮ್ಮ ಇದ್ದಾರೆ. "ಹೆಣ್ಮಗು. ಬರಿಗೈಲಿ ಕಳಿಸಕ್ಕಾಗುತ್ತಾ?" ಎಂದು ಮಾನ್ಯಳನ್ನು ಮಣೆಯ ಮೇಲೆ ಕೂರಿಸಿ, ಮಗಳಿಗೆ ತವರಿನಲ್ಲಿ ಮಡಿಲು ತುಂಬುವ ಹಾಗೆ ಅವಳ ಮಡಿಲಿಗೆ ಒಂದು ತೆಂಗಿನಕಾಯಿ, ಸೇರು ರಾಗಿ, ತುಂಗೆ ಮಲಗುತ್ತಿದ್ದ ಹಳೆಯ ಸೀರೆಯ ತುಂಡು ಹಾಕಿದರು. "ಮೂರು ದಿನ ಈ ಸೀರೆ ಮೇಲೇ ಮಲಗಿಸವ್ವ, ತಾಯಿ ವಾಸನೆ ಇರ್ತದೆ. ಸಾಕಕ್ಕೆ ಆಗದೇ ಹೋದ್ರೆ ಇಲ್ಲಿಗೇ ತಂದ್ಬುಡಿ. ಬೀದಿಗೂ ಬೇಡ, ಯಾರ ತೋಟಕ್ಕೂ ಬೇಡ." ಕೊನೆಯ ಮಾತನ್ನು ನನ್ನ ಕಡೆ ನೋಡಿ ಹೇಳಿದರು.

ಕಡಲೆ ಎಂದೇ ಕರೆಯೋಣ ಎಂದರು ನಾಗರಾಜು. "ಆ ಹೆಸರು ಖಾಲಿ ಇಲ್ಲ ಅಪ್ಪ" ಎಂದಳು ಮಾನ್ಯ. ಹುರುಳಿ ಎಂದು ಇಟ್ಟಳು. ಮೂವತ್ತು ವರ್ಷ ಕುದುರೆಗಳಿಗೆ ಹುರುಳಿ ತಿನ್ನಿಸಿದ ಕೆಂಪರಾಜಣ್ಣನಿಗೆ ಖುಷಿಯಾಯಿತು.

ಅದಕ್ಕೂ ಮೊದಲು ಪುಸ್ತಕ ತಂದರು. ಆ ಖಾಲಿ ಕಾಲಮ್ಮು. ಕೆಂಪರಾಜಣ್ಣ ಪೆನ್ಸಿಲ್ ಕೊಟ್ಟರು.

"ಪೆನ್ ಇದ್ಯಾ ತಾತ?" ಎಂದಳು.

ಇಲ್ಲಿಗೆ ಫೋಟೊ ಇಲ್ಲ. ಅವಳು ಬರೆಯುವಾಗ ನಾನು ಹಿಂದೆಯೇ ನಿಂತು ಓದಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಅವಳು ಬರೆದದ್ದು "ಅಮ್ಮ ಸುಳ್ಳು ಹೇಳಿದರು" ಎಂದು. ಆ ಅಕ್ಷರಗಳ ಓರೆ ಕೂಡ ನನಗೆ ನೆನಪಿತ್ತು. ಈಗ ಒಂಬತ್ತನೇ ಕ್ಲಾಸಿನಲ್ಲಿರುವ ಮಾನ್ಯಳಿಗೆ ಇದನ್ನು ಓದಿ ಹೇಳಿದರೆ, "ನೀನು ಅಲ್ಲಿರ್ಲೇ ಇಲ್ಲಮ್ಮ. ಆಟೋದವನ್ನ ನಿಲ್ಲಿಸ್ಕೊಂಡು ಗೇಟಿನ ಆಚೆ ಇದ್ದೆ" ಎಂದಳು. ಏನು ಬರೆದೆ ಎಂದರೆ, ನೆನಪಿಲ್ಲ ಎಂದಳು. ಕೆಂಪರಾಜಣ್ಣನಿಗೆ ಫೋನ್ ಮಾಡಿ ಆ ಪುಟದ ಫೋಟೊ ಕಳಿಸಿ ಎಂದೆ.

"ಫೋಟೊ ಯಾಕೆ? ಪುಸ್ತಕ ಇಲ್ಲೇ ಐತೆ, ಬನ್ನಿ. ಕಾಲು ತೊಳ್ಕೊಂಡು ಒಳಗೆ ಬನ್ನಿ."

ಹೋದ ಭಾನುವಾರ ಹೋದೆ. ತೊಟ್ಟಿಯಲ್ಲಿ ಇಪ್ಪತ್ತು ಎಣಿಸಿದೆ. ಅವರು ಕನ್ನಡಕ ಹಾಕಿಕೊಂಡು ಪುಟ ಹುಡುಕಿ ನನ್ನ ಮುಂದೆ ಇಟ್ಟರು. ನೀಲಿ ಪೆನ್ನು, ಗುಂಡಗಿನ ನೇರ ಅಕ್ಷರ. ಓರೆ ಎಲ್ಲೂ ಇಲ್ಲ.

"ಕಡಲೆ. ಒಂಬತ್ತು ದಿನ ಇತ್ತು. ಪಾರ್ವೋ ಬಂದು ಸತ್ತುಹೋಯಿತು. ನಾನು ಊರಲ್ಲಿ ಇರಲಿಲ್ಲ. ಯಾವ ಮರದ ಕೆಳಗೆ ಅಂತ ಗೊತ್ತಿಲ್ಲ. ಅಮ್ಮ ಏಪ್ರಿಲ್‌ನಲ್ಲಿ ಹೇಳಿದರು."

ನಾನು ಎರಡು ಸಲ ಓದಿದೆ. ಕೆಂಪರಾಜಣ್ಣ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹೌದಾ ಟೀಚರಮ್ಮ?"

"ಹೌದು" ಎಂದೆ.